ಹಸಿರು ಬಳಿದ ಬೀದಿ

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ನಕ್ಷೆ ಅಕ್ಕ ಎಂದೇ. ನಗರಸಭೆಯಲ್ಲಿ ಇಪ್ಪತ್ತಾರು ವರ್ಷ ನಕ್ಷೆ ಬಿಡಿಸಿದವಳು. ಯಾರ ಗೋಡೆ ಯಾರ ಜಾಗಕ್ಕೆ ಅರ್ಧ ಅಡಿ ನುಗ್ಗಿದೆ ಎಂಬುದು ಬಾಯಿಪಾಠ. ನದಿ ಮೂರನೆಯ ಸಲ ಊರೊಳಗೆ ನುಗ್ಗಿ ಅವಳ ಬೀದಿಯೊಂದರಲ್ಲೇ ಹನ್ನೊಂದು ಜನರನ್ನು ಎಳೆದುಕೊಂಡು ಹೋಯಿತು. ಮನೆ ಕಳೆದುಕೊಂಡ ಅವಳೂ ಸೈಕಲ್ ರಿಪೇರಿಯ ತಮ್ಮನೂ ಶಾಲೆಯ ಕೋಣೆಯೊಂದರಲ್ಲಿ ಇನ್ನೂ ನಾಲ್ಕು ಸಂಸಾರಗಳ ಜೊತೆ ದಿನ ದೂಡತೊಡಗಿದರು.

ಒಂದು ಬೆಳಿಗ್ಗೆ ಎಂಜಿನಿಯರರು ಹೊಸ ಊರಿನ ಕರಡು ನಕ್ಷೆಯನ್ನು ಅವಳ ಮೇಜಿನ ಮೇಲೆ ಹರಡಿ, ಬಣ್ಣ ತುಂಬಿಕೊಡಲು ಹೇಳಿ ಹೋದರು. ಹಳದಿ ಎಂದರೆ ಮನೆ ಕಟ್ಟಬಹುದು. ಹಸಿರು ಎಂದರೆ ಇನ್ನೆಂದಿಗೂ ಕಟ್ಟುವಂತಿಲ್ಲ. ಕುಂಚ ಅದ್ದಿಕೊಂಡು ಅವಳು ಮೊದಲು ತನ್ನ ಬೀದಿ ಹುಡುಕಿದಳು. ಅದರ ಮೇಲೆ ಪೆನ್ಸಿಲಿನಲ್ಲಿ 'ಹಸಿರು' ಎಂದಿತ್ತು.

ಎಲ್ಲೋ ತಪ್ಪಾಗಿರಬೇಕೆಂದು ಹಳೆಯ ಕಡತ ತೆಗೆಸಿದಳು. ಮೊದಲ ನೆರೆಯಲ್ಲಿ ಮನೆಮನೆಯ ಗೋಡೆಯ ಮೇಲೆ ನೀರು ನಿಂತ ಎತ್ತರ ಅಳೆದ ಹಾಳೆ ಸಿಕ್ಕಿತು. ಹಸಿರೆಂಬ ತೀರ್ಮಾನಕ್ಕೆ ಆಧಾರ ಅದೇ. ಕೆಳಗೆ ಅವಳದೇ ಸಹಿ. ಅಂದು ಅಳೆದವಳೂ ಅವಳೇ, ಅಳೆದದ್ದನ್ನು ಮರೆತು ಎರಡು ಸಲ ಅಲ್ಲೇ ಮನೆ ಎಬ್ಬಿಸಿದವಳೂ ಅವಳೇ. ಪಕ್ಕದ ಮೇಜಿನವರು ಎರಡು ಸಲ ಕರೆದರೂ ಕಿವಿಗೆ ಬೀಳಲಿಲ್ಲ. ಮಧ್ಯಾಹ್ನ ಕಳೆದ ಮೇಲೆ ಬಣ್ಣ ಬಳಿದಳು.

ಸಂಜೆ ಬೀದಿಗೆ ಹೋದರೆ ತಮ್ಮ ಆಗಲೇ ಅಂಗಡಿಯ ಗೋಡೆಯನ್ನು ಮೊಣಕಾಲುದ್ದ ಎಬ್ಬಿಸಿದ್ದ. ಅವಳು ತಡವರಿಸುತ್ತಲೇ ಎಲ್ಲ ಹೇಳಿದಳು.

"ಆ ಬಣ್ಣ ಬಳಿದೋಳು ನೀನೇನಾ ಅಕ್ಕ?"

"ನಾನೇ ಕಣೋ. ಬಳೀದೆ ಇದ್ರೆ ನದಿ ಸುಮ್ನಿರುತ್ತಾ?"

ಅವನು ಕರಣೆ ಕೆಳಗಿಟ್ಟು ಎದ್ದು ಹೋದ. ಒಂದೇ ಕೋಣೆಯಲ್ಲಿದ್ದೂ ತಿಂಗಳುಗಟ್ಟಲೆ ಮಾತು ಬಿಟ್ಟ.

ಅಷ್ಟರಲ್ಲಿ, ನಕ್ಷೆಯಲ್ಲಿ ಹಳದಿ ಬಳಿದಿದ್ದ ಗುಡ್ಡದ ಮೇಲಿನ ನಿವೇಶನಗಳನ್ನು ಮನೆ ಕಳೆದುಕೊಂಡವರಿಗೆ ಚೀಟಿ ಎತ್ತಿ ಹಂಚುವುದೆಂದು ಆದೇಶ ಬಂತು. ಅದು ಅವಳಿಗೆ ಎರಡನೆಯ ಪೆಟ್ಟು. ಚೀಟಿ ಎತ್ತಿದರೆ ಬೀದಿ ದಿಕ್ಕಾಪಾಲಾಗುತ್ತದೆ. ಎಂಜಿನಿಯರರ ಬೆನ್ನು ಬಿದ್ದಳು; ತನ್ನ ಬೀದಿಯ ಮೂವತ್ತೆರಡು ಮನೆಗಳನ್ನು ಅಕ್ಕಪಕ್ಕ ಮೊದಲಿದ್ದಂತೆಯೇ ಕೂರಿಸಿ ಹೊಸ ನಕ್ಷೆ ಮುಂದಿಟ್ಟಳು. ಅವರು ಗೊಣಗಿಕೊಂಡೇ ಒಪ್ಪಿದರು.

ಹೊಸ ಜಾಗ ನೋಡಲು ಗುಡ್ಡ ಹತ್ತಿ ಬಂದ ತಮ್ಮ ಏದುಸಿರು ಬಿಡುತ್ತಾ, "ಈ ಏರಲ್ಲಿ ಸೈಕಲ್ ತುಳಿಯೋರು ಯಾರೇ?" ಎಂದ. ಮಾತಾಡಿದನಲ್ಲ ಎಂದು ಅವಳ ಕಣ್ಣು ತುಂಬಿತು. ಇಳಿಜಾರಿನಲ್ಲಿ ಬ್ರೇಕು ಬೇಗ ಸವೆಯುವುದರಿಂದ ಈಗ ಅಲ್ಲೇ ಅಂಗಡಿ ಇಟ್ಟ ಅವನಿಗೆ ಕೈತುಂಬ ಕೆಲಸ.

ಆ ಮೂವತ್ತೆರಡರಲ್ಲಿ ಒಂಬತ್ತು ಮನೆಯವರು ಮಾತ್ರ ನೀರು ಕಂಡರೆ ಬೆಚ್ಚುತ್ತೇವೆಂದು ದೂರದೂರಿನ ನೆಂಟರ ಬಳಿ ಹೊರಟುಹೋದರು. ಅವರ ನಿವೇಶನಗಳನ್ನು ಬೇರೆಯವರ ಹೆಸರಿಗೆ ಬರೆಯಲು ನಕ್ಷೆ ಅಕ್ಕ ಇನ್ನೂ ಒಪ್ಪಿಲ್ಲ.