ಬಿಚ್ಚದೆ ಇಟ್ಟ ಮಷಿನ್

ಶಹಾಬಜಾರದ ಒಂದು ಇಕ್ಕಟ್ಟಾದ ಓಣಿಯಲ್ಲಿ ನನ್ನ ಅಂಗಡಿ ಇದೆ. ಹೊಲಿಗೆ ಮಷಿನ್ ರಿಪೇರಿ ಮಾಡುತ್ತೇನೆ. ಹೆಂಗಸೊಬ್ಬಳು ಸ್ಕ್ರೂ ತಿರುಗಿಸುವ ಪೇಚಕಸ ಹಿಡಿದು ಕೂತಿದ್ದಾಳೆ ಎಂದು ಮೊದಮೊದಲು ಕೆಲವರು ನಿಂತು ನೋಡಿ ಹೋಗುತ್ತಿದ್ದರು. ಈಗ ಯಾರೂ ನಿಲ್ಲುವುದಿಲ್ಲ. ಓಣಿಗೆ ನಾನು ಹಳಬಳಾಗಿದ್ದೇನೆ.

ಈ ಕೆಲಸ ನನಗೆ ಹತ್ತಿದ್ದು ಬರೀ ನೋಡುವ ಹುಚ್ಚಿನಿಂದ. ಖೂಬಾ ಪ್ಲಾಟಿನ ಬಾಡಿಗೆ ಮನೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದ ಕಾಲಕ್ಕೆ ನನ್ನ ಕರೀ ಮಷಿನ್ ಮಾತುಮಾತಿಗೆ ದಾರ ಕಡಿಯುತ್ತಿತ್ತು. ರೋಜಾ ಬಡಾವಣೆಯಲ್ಲಿ, ದರ್ಗಾಕ್ಕೆ ಹೋಗುವ ದಾರಿಯ ಬದಿಗೆ, ವಯಸ್ಸಾದ ಉಸ್ತಾದರೊಬ್ಬರು ಮಷಿನ್ ರಿಪೇರಿ ಮಾಡುತ್ತಿದ್ದರು. ಎಲ್ಲರೂ ಮಷಿನ್ ಇಟ್ಟು ಹೋದರೆ ನಾನು ಅಲ್ಲೇ ನಿಲ್ಲುತ್ತಿದ್ದೆ. ಸೂಜಿ ಕೆಳಗೆ ಹೋಗಿ ಮೇಲೆ ಬರುವಷ್ಟರಲ್ಲಿ ಕೆಳಗಿನ ದಾರ ಮೇಲಿನ ದಾರಕ್ಕೆ ಹೇಗೆ ಗಂಟು ಬೀಳುತ್ತದೆ ಎಂದು ನನಗೆ ತಿಳಿಯಬೇಕಿತ್ತು. ಮೂರನೇ ಸಲ ಹೋದಾಗ ಅವರು ಸ್ಟೂಲ್ ಸರಿಸಿ, "ನಿಂತು ನೋಡಿದ್ರ ತಿಳಿಯಂಗಿಲ್ಲ ಬೇಟಿ, ಕುಂತು ನೋಡು" ಎಂದರು. ಎರಡು ವರ್ಷ ಕುಂತು ನೋಡಿದೆ. ಆಮೇಲೆ ಕೈ ಹಾಕಿದೆ. ಆಮೇಲೆ ನನ್ನದೇ ಅಂಗಡಿ ಆಯಿತು.

ಅಂಗಡಿಗೆ ಬೋರ್ಡ್ ಬರೆಸಿ ಹಾಕಿದ ದಿನದಿಂದ ಒಂದು ಬದಲಾವಣೆಯಾಯಿತು. ಅದು ಆಗಲೇ ಗೊತ್ತಾಗಲಿಲ್ಲ. ಉಸ್ತಾದರ ಹತ್ತಿರ ಕೂತಾಗ ನನಗೆ ಗೊತ್ತಿಲ್ಲ ಎನ್ನುವುದೇ ನನ್ನ ಕೆಲಸವಾಗಿತ್ತು. ಬೋರ್ಡಿನ ಕೆಳಗೆ ಕೂತ ಮೇಲೆ ಗೊತ್ತಿದೆ ಎನ್ನುವುದು ಕೆಲಸವಾಯಿತು. ಮೊದಲ ವರ್ಷವೇ ಒಬ್ಬ ದರ್ಜಿಯ ಮಷಿನಿಗೆ ಕೆಳಗಿನ ದಾರದ ಶಟಲ್ ಕೂರಿಸುವಾಗ ತಪ್ಪಿದೆ. ಅವನ ಕಣ್ಣೆದುರಿಗೇ ಮೂರು ಸೂಜಿ ಮುರಿದವು. ಅಡಿಗೆಮನೆಯಲ್ಲಿ ಇರಬೇಕಾದವರು ಇಲ್ಲಿ ಬಂದು ಕೂತರೆ ಹೀಗೇ ಆಗುವುದು ಎಂದು ಅವನು ಓಣಿಗೆಲ್ಲ ಕೇಳುವ ಹಾಗೆ ಹೇಳಿದ. ಮರುದಿನ ಅದೇ ಮಷಿನನ್ನು ನಾನೇ ಸರಿ ಮಾಡಿ ಕೊಟ್ಟೆ. ಆದರೆ ಅದು ಹೇಗೆ ಸರಿಯಾಯಿತು ಎಂದು ಕೇಳಿದರೆ ನನಗೆ ಈಗ ನೆನಪಿಲ್ಲ. ಅವನು ಅಂದ ಮಾತು ಅಕ್ಷರ ಬಿಡದೆ ನೆನಪಿದೆ.

ಅಲ್ಲಿಂದ ಮುಂದೆ ಗೊತ್ತಿದ್ದ ಕರೀ ಮಷಿನುಗಳನ್ನಷ್ಟೇ ಮುಟ್ಟುತ್ತ ಬಂದೆ. ಬೇರೆ ಏನಾದರೂ ಬಂದರೆ ಏನೋ ಒಂದು ನೆವ ಹೇಳಿ ಸಾಗಹಾಕುತ್ತಿದ್ದೆ.

ಒಂದು ದೀಪಾವಳಿ ಮುಗಿದ ವಾರ ಕಮಲಾಪುರದಿಂದ ಒಬ್ಬ ಹೆಣ್ಣುಮಗಳು ಬಂದಳು. ನನಗಿಂತ ಆರೇಳು ವರ್ಷ ಚಿಕ್ಕವಳಿರಬೇಕು. ಎಳೆಗೂಸುಗಳ ತಲೆ, ಬೆನ್ನು ಮುಚ್ಚುವ ಕುಂಚಿಗೆ ಹೊಲಿಯುವುದು ಅವಳ ಕಸುಬು. ತೊಟ್ಟಿಲ ಕಾರ್ಯ ಇದ್ದವರು ಸುತ್ತಲಿನ ಹಳ್ಳಿಗಳಿಂದ ಅವಳ ಮನೆಗೆ ಹುಡುಕಿಕೊಂಡು ಬರುತ್ತಿದ್ದರಂತೆ. ಅವಳು ತಂದದ್ದು ಯಾರೋ ಬಳಸಿ ಮಾರಿದ ಬಿಳಿ ಮಷಿನ್. ಮೈಯೆಲ್ಲ ಪ್ಲಾಸ್ಟಿಕ್. ಮುಂದೆ ಒಂದು ಗುಂಡಿ, ಗುಂಡಿ ಸುತ್ತ ಹನ್ನೆರಡು ಸಣ್ಣ ಚಿತ್ರ. ಯಾವ ಚಿತ್ರಕ್ಕೆ ತಿರುಗಿಸುತ್ತೇವೋ ಬಟ್ಟೆಯ ಮೇಲೆ ಆ ಹೂವು, ಆ ಎಲೆ ತಾನಾಗಿಯೇ ಬೀಳುತ್ತದೆ. ಈಗ ಅದು ಹೂವನ್ನೂ ಬಿಡಿಸುತ್ತಿರಲಿಲ್ಲ, ನೆಟ್ಟಗಿನ ಹೊಲಿಗೆಯನ್ನೂ ಹಾಕುತ್ತಿರಲಿಲ್ಲ. ಚಕ್ರ ತಿರುಗಿಸಿದರೆ ಒಳಗೆಲ್ಲೋ ಟಕ್ ಟಕ್ ಎನ್ನುತ್ತಿತ್ತು.

ನಾನು ಎತ್ತಿ, ತಿರುವಿ ನೋಡಿದೆ. ಹೊರಗೆ ಎಲ್ಲಿಯೂ ಸ್ಕ್ರೂ ಕಾಣಲಿಲ್ಲ. ಎಲ್ಲಿಂದ ತೆರೆಯುವುದು ಎಂಬುದೇ ತಿಳಿಯಲಿಲ್ಲ. ಆಗುವುದಿಲ್ಲ ಎಂದು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳು ಚೀಲದಿಂದ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು ತೆಗೆದು ಮುಂದಿಟ್ಟಳು. ತಮ್ಮೂರಿನದು, ಮನೆಗೆ ಒಯ್ಯಿರಿ ಎಂದಳು. ಎಂಟು ದಿನ ಬಿಟ್ಟು ಬಾ ಎಂದುಬಿಟ್ಟೆ.

ಎಂಟು ದಿನ ಎರಡು ತಿಂಗಳಾಯಿತು.

ಆ ಎರಡು ತಿಂಗಳು ನಾನು ಸುಮ್ಮನೆ ಕೂತಿದ್ದೆ ಎಂದುಕೊಳ್ಳಬೇಡಿ. ನನ್ನ ಅಂಗಡಿ ಅಷ್ಟು ಚೊಕ್ಕಟವಾಗಿ ಹಿಂದೆಂದೂ ಇರಲಿಲ್ಲ. ಸ್ಕ್ರೂಗಳನ್ನೆಲ್ಲ ಅಳತೆ ನೋಡಿ ಬೇರೆ ಬೇರೆ ಡಬ್ಬಿಗೆ ಹಾಕಿದೆ. ಕಪಾಟಿಗೆ ಹೊಸ ಬಣ್ಣ ಹೊಡೆದೆ. ಯಾರೂ ಅವಸರ ಮಾಡದಿದ್ದ ಮಷಿನುಗಳನ್ನು ಅವಸರದಿಂದ ಮುಗಿಸಿದೆ. ಬಿಳಿ ಮಷಿನಿನ ಮೇಲೆ ಮೊದಲು ಒಂದು ಟವೆಲ್ ಮುಚ್ಚಿದೆ, ಆಮೇಲೆ ಅದನ್ನು ಬೆಂಚಿನ ಕೆಳಗೆ ಸರಿಸಿದೆ. ದಿನಾ ಮುಂಜಾನೆ ಕದ ತೆಗೆಯುವಾಗ ಇವತ್ತು ಬಿಚ್ಚಬೇಕು ಎಂದುಕೊಳ್ಳುತ್ತಿದ್ದೆ. ಇವತ್ತು ಬೇಡ ಎಂದು ತೀರ್ಮಾನವಾದ ಕೂಡಲೇ ಮೈ ಹಗುರಾಗುತ್ತಿತ್ತು. ಆ ಹಗುರ ಎಷ್ಟು ಹಿತವಾಗಿತ್ತೆಂದರೆ, ಅದಕ್ಕಾಗಿಯೇ ನಾನು ಮುಂದೂಡುತ್ತಿದ್ದೆನೋ ಏನೋ.

ಅವಳು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಒಮ್ಮೆ ಕೆಲಸ ಬಹಳ ಎಂದೆ, ಒಮ್ಮೆ ಕರೆಂಟ್ ಇಲ್ಲ ಎಂದೆ. ಕೊನೆಗೆ ಪಾರ್ಟ್ ಹೈದರಾಬಾದಿನಿಂದ ಬರಬೇಕು ಎಂದೆ.

"ಯಾವ ಪಾರ್ಟ್ ರೀ ಅಕ್ಕಾ?" ಎಂದು ಕೇಳಿದಳು. ಅನುಮಾನದಿಂದ ಕೇಳಿದ್ದಲ್ಲ, ತಿಳಿದುಕೊಳ್ಳಬೇಕೆಂದು ಕೇಳಿದ್ದು.

"ಒಳಗಿಂದು" ಎಂದೆ.

ಒಳಗೆ ಏನಿದೆ ಎಂದು ನಾನು ನೋಡಿಯೇ ಇರಲಿಲ್ಲ. ಆ ವಾರ ರೋಜಾಕ್ಕೆ ಹೋದೆ, ಉಸ್ತಾದರನ್ನು ಕೇಳೋಣವೆಂದು. ಅವರ ಮೊಣಕಾಲು ನೋವಿನ ಬಗ್ಗೆ ಕೇಳಿದೆ, ಮೊಮ್ಮಗಳ ಶಾಲೆ ಬಗ್ಗೆ ಕೇಳಿದೆ, ಚಹಾ ಕುಡಿದೆ, ಮಷಿನಿನ ಮಾತೆತ್ತದೆ ಆಟೋ ಹತ್ತಿ ಬಂದೆ. ಅವರ ಕಣ್ಣಿಗೆ ನಾನು ಕಲಿತವಳಾಗಿಯೇ ಉಳಿಯಬೇಕಿತ್ತು.

ಸಂಕ್ರಾಂತಿ ಹತ್ತಿರ ಬಂದಾಗ ಅವಳ ಫೋನ್ ನಿಂತುಹೋಯಿತು. ಒಂದು ವಾರ ಬರಲಿಲ್ಲ, ಎರಡು ವಾರ ಬರಲಿಲ್ಲ. ನನಗೆ ನೆಮ್ಮದಿ ಆಗಬೇಕಿತ್ತು. ಆಗಲಿಲ್ಲ. ಯಾಕೆ ನಿಲ್ಲಿಸಿದಳು? ಸಿಟ್ಟು ಬಂತೇ? ಬೇರೆ ಮಷಿನ್ ಕೊಂಡಳೇ? ಅಥವಾ ನನ್ನ ಆಸೆಯನ್ನೇ ಬಿಟ್ಟಳೇ? ಬೆಂಚಿನ ಕೆಳಗಿನ ಮಷಿನಿಗಿಂತ ಈ ಪ್ರಶ್ನೆ ನನ್ನನ್ನು ಹೆಚ್ಚು ಕಾಡಿತು. ಕಡೆಗೆ ಒಂದು ಮುಂಜಾನೆ ಅಂಗಡಿ ತೆರೆಯದೆ, ಮಷಿನನ್ನು ಹಳೇ ಚಾದರದಲ್ಲಿ ಸುತ್ತಿ, ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ ಹತ್ತಿದೆ. ವಾಪಸು ಕೊಟ್ಟು, ನನ್ನಿಂದ ಆಗುವುದಿಲ್ಲ ಎಂದು ಹೇಳಿ ಬರುವುದು ಎಂದು ಗಟ್ಟಿ ಮಾಡಿಕೊಂಡಿದ್ದೆ. ಹತಾರಗಳ ಚೀಲವನ್ನು ಯಾಕೆ ಜೊತೆಗೆ ತೆಗೆದುಕೊಂಡೆನೋ ಗೊತ್ತಿಲ್ಲ. ರೂಢಿ ಇರಬಹುದು. ತೊಡೆಯ ಮೇಲಿನ ಗಂಟು ನೋಡಿ ಪಕ್ಕದ ಮುದುಕಿ ಕೂಸಿಗೆ ಎಷ್ಟು ತಿಂಗಳು ಎಂದು ಕೇಳಿದಳು. ಮಷಿನ್ ಎಂದೆ.

ಕಮಲಾಪುರದಲ್ಲಿ ಇಳಿದು ಕುಂಚಿಗೆ ಹೊಲಿಯುವವರ ಮನೆ ಎಲ್ಲಿ ಎಂದು ಕೇಳಿದೆ, ಎಲ್ಲರಿಗೂ ಗೊತ್ತಿತ್ತು. ಅವಳು ಪಡಸಾಲೆಯಲ್ಲಿ ಬಾಗಿಲ ಬೆಳಕಿಗೆ ಕೂತು ಕುಂಚಿಗೆಯ ಅಂಚಿಗೆ ಕೈಯಿಂದಲೇ ಹೂವಿನ ಹೊಲಿಗೆ ಹಾಕುತ್ತಿದ್ದಳು. ಎಡಗೈಯ ಎರಡು ಬೆರಳಿಗೆ ಬಟ್ಟೆಪಟ್ಟಿ ಸುತ್ತಿದ್ದಳು. ನನ್ನನ್ನು ನೋಡಿ ಎದ್ದು ಚಾಪೆ ಹಾಸಿ ನೀರು ಕೊಟ್ಟಳು. ಆಮೇಲೆ ಗಂಟಿನ ಕಡೆ ನೋಡಿ, ಪಾರ್ಟ್ ಬಂತೇ ಎಂದು ಕೇಳಿದಳು.

ಆ ಬೆರಳುಗಳನ್ನು ನೋಡಿ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳನ್ನು ಬಿಟ್ಟೆ.

"ಪಾರ್ಟ್ ತರ್ಸೇ ಇಲ್ಲ ತಂಗಿ. ನಾ ಮಷಿನ್ ಬಿಚ್ಚೇ ಇಲ್ಲ."

"ಎರಡು ತಿಂಗಳಿಂದ?"

"ಹೂಂ."

ಅವಳು ದಾರ ಗಂಟು ಹಾಕಿ ಹಲ್ಲಿನಿಂದ ಕಡಿದಳು. "ಯಾಕ್ರೀ?"

"ಕೆಡಿಸ್ತೀನೇನೋ ಅಂತ ಅಂಜಿಕಿ ಬಂತು."

"ಕೆಟ್ಟದ್ದೇ ಅಲ್ಲೇನ್ರಿ ನಾ ನಿಮ್ಮ ಕಡೆ ತಂದದ್ದು?"

ಅವಳಿಗೆ ಸಿಟ್ಟು ಬಂದಿತ್ತು, ಅದು ಮುಖದ ಮೇಲೆ ಕಾಣುತ್ತಿತ್ತು. ಫೋನ್ ಯಾಕೆ ನಿಲ್ಲಿಸಿದೆ ಎಂದು ಕೇಳಿದೆ. ಪ್ರತಿ ಸಲ ಕೇಳಿದಾಗ ನೀವು ಒಂದೊಂದು ಸುಳ್ಳು ಹುಡುಕಬೇಕಾಗುತ್ತಿತ್ತು, ನನಗೇ ಪಾಪ ಅನಿಸಿತು ಎಂದಳು. ಆಮೇಲೆ ಅವಳೇ ಚಾದರದ ಗಂಟು ಬಿಚ್ಚುತ್ತ ಕೇಳಿದಳು, "ಒಳಗ ಹೆಂಗಿರ್ತದ್ರೀ ಇದು?"

"ನಂಗೂ ಗೊತ್ತಿಲ್ಲ" ಎಂದೆ. ಬೋರ್ಡ್ ಹಾಕಿದ ಮೇಲೆ ಗಿರಾಕಿಯೊಬ್ಬರಿಗೆ ನಾನು ಆ ಮಾತು ಹೇಳಿದ್ದು ಅದೇ ಮೊದಲು.

ಅವಳು ಒಳಗೆ ಹೋಗಿ ಸ್ಕ್ರೂ ಹಾಕಲು ಒಂದು ತಾಟು ತಂದಳು. ಇಬ್ಬರೂ ಕೂಡಿ ಮಷಿನಿನ ಮೈಯೆಲ್ಲ ಬೆರಳಾಡಿಸಿದೆವು. ತಳದಲ್ಲಿದ್ದ ರಬ್ಬರಿನ ಸಣ್ಣ ಕಾಲುಗಳ ಅಡಿಯಲ್ಲಿ ನಾಲ್ಕು ಸ್ಕ್ರೂ ಸಿಕ್ಕವು. ಆದರೂ ಮುಚ್ಚಳ ಬರಲಿಲ್ಲ. ಐದನೆಯದು ಕಂಪನಿ ಅಂಟಿಸಿದ ಚೀಟಿಯ ಕೆಳಗಿತ್ತು, ಅವಳ ಉಗುರಿಗೆ ತಗ್ಗು ಹತ್ತಿ ಗೊತ್ತಾಯಿತು. ಅದನ್ನು ತಿರುವಿದ ಕೂಡಲೇ ಮುಚ್ಚಳ ಸಡಿಲವಾಗಿ ಕೈಗೆ ಬಂತು. ನಾನು ಎರಡು ತಿಂಗಳು ಅಂಜಿದ ಜಾಗಕ್ಕೆ ಹೋಗಲು ಹತ್ತು ನಿಮಿಷವೂ ಹಿಡಿಯಲಿಲ್ಲ.

ಒಳಗೆ ಕೆಂಪು, ಹಸಿರು, ನೀಲಿ ಬಣ್ಣದ ಅರಳೆ ಗಟ್ಟಿಯಾಗಿ ಕೂತಿತ್ತು. ಹಿಂದಿನ ಒಡತಿ ಹೊಲಿದ ಬಟ್ಟೆಗಳದು. ಯಾರಿದ್ದಿರಬಹುದು ಅವಳು, ಇಷ್ಟೊಂದು ಹಸಿರು ಯಾಕೆ ಹೊಲಿದಳು ಎಂದು ಮಾತಾಡಿಕೊಳ್ಳುತ್ತ ಚಿಮಟಿಗೆಯಿಂದ ಅದನ್ನೆಲ್ಲ ತೆಗೆದೆವು. ಅದರ ಹಿಂದೆ ಬಿಲ್ಲೆಗಳು ಒಂದರ ಮೇಲೊಂದು ಕೂತಿದ್ದವು. ಒಂದೊಂದರ ಅಂಚು ಒಂದೊಂದು ಥರ ಉಬ್ಬಿ ತಗ್ಗಿತ್ತು. ಕೈಯಿಂದ ಚಕ್ರ ತಿರುಗಿಸಿದೆ. ಒಂದು ಸಣ್ಣ ಕಡ್ಡಿ ಬಿಲ್ಲೆಯ ಅಂಚಿನ ಮೇಲೆ ಏರಿ ಇಳಿಯುತ್ತಿತ್ತು, ಅದು ಏರಿದಾಗ ಸೂಜಿ ಬಲಕ್ಕೆ, ಇಳಿದಾಗ ಎಡಕ್ಕೆ. ಹೂವು ಇದ್ದದ್ದು ಆ ಅಂಚಿನಲ್ಲಿ. ಅವಳು ತಿರುಗಿಸಲಿ ನಾನು ನೋಡಲಿ, ನಾನು ತಿರುಗಿಸಲಿ ಅವಳು ನೋಡಲಿ ಎಂದು ಅರ್ಧ ತಾಸು ಅದನ್ನೇ ಮಾಡಿದೆವು. ರಿಪೇರಿ ಮರೆತೇ ಹೋಗಿತ್ತು.

ಟಕ್ ಎನ್ನುತ್ತಿದ್ದದ್ದೂ ಸಿಕ್ಕಿತು. ಕೆಳಗಿನ ಪ್ಲಾಸ್ಟಿಕ್ ಗೇರಿನ ಎರಡು ಹಲ್ಲು ಹೋಗಿದ್ದವು. ಅದನ್ನು ಹೊರಗೆ ತೆಗೆಯಲು ನಾನು ಪೇಚಕಸ ಒಳಗೆ ಇಳಿಸಿದೆ. ಜಾಗ ಸಾಲಲಿಲ್ಲ, ಸ್ವಲ್ಪ ಜೋರು ಮಾಡಿದೆ. ಕಟ್ ಎಂದಿತು. ಬಿಲ್ಲೆಯಿಂದ ಬಿಲ್ಲೆಗೆ ಸರಿಯುವ ಆ ಸಣ್ಣ ಕಡ್ಡಿಯೇ ಎರಡು ತುಂಡಾಗಿ ತಾಟಿಗೆ ಬಿತ್ತು.

ಎರಡು ತಿಂಗಳಿನಿಂದ ಯಾವುದಕ್ಕೆ ಅಂಜಿದ್ದೆನೋ ಅದೇ ಆಯಿತು, ಅದೂ ಅವಳ ಪಡಸಾಲೆಯಲ್ಲಿ. ಅವಳು ಎದ್ದು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಓಡಿಹೋಗಬೇಕು ಎನಿಸಿತು, ಆದರೆ ಬಿಚ್ಚಿದ ಮಷಿನ್ ಬಿಟ್ಟು ಎಲ್ಲಿಗೆ ಹೋಗುವುದು? ತುಂಡುಗಳನ್ನು ಜೋಡಿಸಿ ನೋಡುತ್ತ ಕೂತೆ. ಹೀಗೆ ನೋಡುತ್ತಿರುವಾಗಲೇ, ಇದು ಹಿತ್ತಾಳೆಯಲ್ಲಿ ಆಗಬಹುದೇನೋ ಎಂದು ಮನಸ್ಸಿಗೆ ಬಂತು.

ಅವಳು ಚಹಾ ತಂದಳು. ಕುಡಿದು ಕಪ್ಪುಗಳನ್ನು ಬದಿಗೆ ಸರಿಸಿದಳು. ಆಮೇಲೆ, "ಮೊದಲಿನ ರೋಗ ಸಿಕ್ತು. ಎರಡನೇದು ನಾವೇ ಮಾಡಿದ್ವಿ. ಈಗ ಮುಂದ ಹೆಂಗ ಹೇಳ್ರಿ" ಎಂದಳು. ನಾವೇ ಎಂದದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಆದರೆ ಸುಮ್ಮನೆ ಬಿಡಲಿಲ್ಲ, ಒಂದು ಕರಾರು ಹಾಕಿದಳು. "ಕೆಲಸ ಆಗ್ಲಿ ಬಿಡ್ಲಿ, ಸೋಮವಾರಕ್ಕೊಮ್ಮೆ ನೀವೇ ಫೋನ್ ಮಾಡ್ಬೇಕು. ಆಗಿಲ್ಲಂದ್ರ ಆಗಿಲ್ಲ ಅನ್ರಿ." ಒಪ್ಪಿ, ಬಿಚ್ಚಿದ ಮಷಿನನ್ನು ಮತ್ತೆ ಚಾದರದಲ್ಲಿ ಕಟ್ಟಿಕೊಂಡು ಬಂದೆ. ಮರುದಿನವೇ ನನ್ನ ಮನೆಯ ಕರೀ ಮಷಿನನ್ನು ಬಸ್ಸಿಗೆ ಹಾಕಿ ಅವಳಿಗೆ ಕಳಿಸಿದೆ, ಬೆರಳು ಮಾಯಲೆಂದು.

ಆ ವಾರ ಉಸ್ತಾದರ ಮುಂದೆ ಗೇರು, ಮುರಿದ ಕಡ್ಡಿ ಎರಡನ್ನೂ ಇಟ್ಟು ನಡೆದದ್ದನ್ನೆಲ್ಲ ಹೇಳಿದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ತಾವೂ ಒಂದು ವಿಲಾಯತಿ ಮಷಿನನ್ನು ವರ್ಷಕ್ಕೂ ಮಿಕ್ಕಿ ಇಟ್ಟುಕೊಂಡು, ಪಾರ್ಟ್ ಸಿಗುವುದಿಲ್ಲ ಎಂದು ವಾಪಸು ಕೊಟ್ಟಿದ್ದಾಗಿ ಹೇಳಿದರು.

"ಬಿಚ್ಚಿ ನೋಡಿದ್ರೇನ್ರಿ ಉಸ್ತಾದ್?"

"ಇಲ್ಲ ಬೇಟಿ. ಅದ್ರಾಗ ಏನಿತ್ತು ಅಂತ ಈಗ್ಲೂ ಒಮ್ಮೊಮ್ಮೆ ಅನಿಸ್ತದ."

ಗೇರು ಹೈದರಾಬಾದಿನಲ್ಲೇ ಸಿಕ್ಕಿತು, ಮೂರು ವಾರ ಹಿಡಿಯಿತು. ಕಡ್ಡಿಯನ್ನು ನಮ್ಮ ಓಣಿಯ ಬೀಗ ರಿಪೇರಿಯವರ ಹತ್ತಿರ ಹಿತ್ತಾಳೆ ಪಟ್ಟಿ ತೆಗೆದುಕೊಂಡು ನಾನೇ ಅರದಿಂದ ಉಜ್ಜಿ ಮಾಡಿದೆ. ಮೊದಲನೆಯದು ಗಿಡ್ಡವಾಯಿತು. ಎರಡನೆಯದು ಬಾಗಿತು. ಪ್ರತಿ ಸೋಮವಾರ ಫೋನ್ ಮಾಡಿ ಇವನ್ನೆಲ್ಲ ಇದ್ದದ್ದು ಇದ್ದ ಹಾಗೇ ಹೇಳುತ್ತಿದ್ದೆ. ಮೊದಲ ಸೋಮವಾರ ಫೋನ್ ಹಿಡಿದು ಮಧ್ಯಾಹ್ನದ ತನಕ ಕೂತಿದ್ದೆ. ನಾಲ್ಕನೆಯ ಸೋಮವಾರ ಅಂಗಡಿ ಕಸ ಗುಡಿಸುವ ಮೊದಲೇ ಮಾಡಿದೆ. ಗಿಡ್ಡ ಯಾಕಾಯಿತು, ಯಾವ ಕಡೆ ಬಾಗಿತು ಎಂದು ಅವಳು ಬಿಡಿಸಿ ಬಿಡಿಸಿ ಕೇಳುತ್ತಿದ್ದಳು.

ಮೂರನೆಯ ಕಡ್ಡಿ ಕೂತಿತು. ಮಷಿನ್ ಹಿಡಿದು ಮತ್ತೆ ಕಮಲಾಪುರಕ್ಕೆ ಹೋದೆ. ನೆಟ್ಟಗಿನ ಹೊಲಿಗೆ ಚೆನ್ನಾಗಿ ಬಂತು. ಹನ್ನೆರಡು ಚಿತ್ರಗಳಲ್ಲಿ ಏಳು ಸರಿಯಾಗಿ ಬಂದವು, ನಾಲ್ಕು ಬರಲೇ ಇಲ್ಲ. ಒಂದು ಗುರುತಿಗೆ ತಿರುಗಿಸಿದರೆ ಮಾತ್ರ ಗುಂಡಿಯ ಸುತ್ತ ಎಲ್ಲಿಯೂ ಇಲ್ಲದ ಹೊಲಿಗೆಯೊಂದು ಬಿತ್ತು. ಅರ್ಧ ಎಲೆ, ಅರ್ಧ ಅಲೆ. ನನ್ನ ಕಡ್ಡಿ ಕೂದಲೆಳೆಯಷ್ಟು ಹೆಚ್ಚು ದಪ್ಪವಾಗಿ ಎರಡು ಬಿಲ್ಲೆಗಳನ್ನು ಒಟ್ಟಿಗೆ ಮುಟ್ಟುತ್ತಿರಬೇಕು. ತಪ್ಪಾಯಿತು, ಇನ್ನಷ್ಟು ಉಜ್ಜುತ್ತೇನೆ ಎಂದೆ. ಅವಳು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ ಬೇಡ ಎಂದಳು. ಈಗ ಅವಳ ಕುಂಚಿಗೆಗಳ ಅಂಚಿಗೆ ಹೆಚ್ಚಾಗಿ ಅದೇ ಇರುತ್ತದೆ. ಬರದಿರುವ ನಾಲ್ಕು ಯಾಕೆ ಬರುತ್ತಿಲ್ಲ ಎಂಬುದು ನಮ್ಮಿಬ್ಬರಿಗೂ ಇನ್ನೂ ತಿಳಿದಿಲ್ಲ.

ಅಂದಿನಿಂದ ಅಂಗಡಿಯಲ್ಲಿ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಯಾವ ಮಷಿನ್ ಬಂದರೂ ತಂದವರ ಎದುರಿಗೇ, ಅದೇ ದಿನ, ಮುಚ್ಚಳ ತೆಗೆಯುವುದು. ರಿಪೇರಿ ಆಮೇಲೆ. ಗೊತ್ತಿಲ್ಲದ್ದಾದರೆ ಗೊತ್ತಿಲ್ಲ ಎನ್ನುತ್ತೇನೆ. ಕೆಲವರು ಅಷ್ಟಕ್ಕೇ ಮಷಿನ್ ಎತ್ತಿಕೊಂಡು ಹೋಗುತ್ತಾರೆ, ಹೋದವರು ಎಲ್ಲರೂ ತಿರುಗಿ ಬರುವುದಿಲ್ಲ. ಉಳಿದವರಲ್ಲಿ ಬಹಳ ಜನ ಕುತ್ತಿಗೆ ಚಾಚಿ ಒಳಗೆ ನೋಡುತ್ತಾರೆ, ವರ್ಷಗಟ್ಟಲೆ ತುಳಿದ ಮಷಿನಿನ ಒಳಗನ್ನು ಅವರೂ ಕಂಡಿರುವುದಿಲ್ಲ. ಮೊನ್ನೆ ಒಬ್ಬರದರಲ್ಲಿ ಹಲ್ಲಿಯ ಮೊಟ್ಟೆ ಎರಡು ಸಿಕ್ಕವು. ಮಷಿನಿಗೆ ಬೇರೆ ಏನೂ ಆಗಿರಲಿಲ್ಲ.