ಹಳ್ಳದಾಚೆಯಿಂದ ಬಂದ ಸಾಲು

ಒಪ್ಪಿಕೊಂಡುಬಿಡುತ್ತೇನೆ: ನಾನು ಬರೆದ ಪ್ರೋಗ್ರಾಮುಗಳಲ್ಲೆಲ್ಲ ನನಗೆ ಹೆಚ್ಚು ಹೆಮ್ಮೆಯಿದ್ದದ್ದು ಅತ್ಯಂತ ಸೋಮಾರಿಯಾದದ್ದರ ಬಗ್ಗೆ. ದಾಂಡೇಲಿಯಲ್ಲಿ ಸ್ಟೆಬಿಲೈಸರು, ತೂಕದ ಯಂತ್ರ ರಿಪೇರಿ ಮಾಡಿಕೊಂಡಿರುವವನಿಗೆ ಹೆಮ್ಮೆಪಡಲು ಸಿಗುವುದೇ ಕಡಿಮೆ. ಸಿಕ್ಕಿದ್ದನ್ನು ಕೇಳದವರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

ಕುಂಬಾರವಾಡದ ಒಳಗೆ, ಹಳ್ಳದಾಚೆ ಒಂದು ಕೇರಿಯಿದೆ. ಅಲ್ಲಿ ಫೋನು ಹಿಡಿಯುವುದಿಲ್ಲ. ಮಳೆಗಾಲದಲ್ಲಿ ಬಸ್ಸಿಳಿದವರಿಗೆ ಹಳ್ಳ ದಾಟಬಹುದೋ ಇಲ್ಲವೋ ತಿಳಿಯುತ್ತಿರಲಿಲ್ಲ. ನಾನು ಎರಡು ರೇಡಿಯೋ ಪೆಟ್ಟಿಗೆ ಮಾಡಿಕೊಟ್ಟೆ. ಒಂದು ಕೇರಿಯ ದೇವಿದಾಸರ ಪಡಸಾಲೆಯಲ್ಲಿ, ಇನ್ನೊಂದು ಬಸ್‌ಸ್ಟಾಪಿನ ಪಕ್ಕ ಮುನೀರ್ ಚಾಚಾ ಅವರ ಚಹಾದಂಗಡಿಯಲ್ಲಿ. ದೇವಿದಾಸರು ದಿನಾ ಹಳ್ಳ ನೋಡಿ ಬಂದು ಒಂದು ಸಾಲು ಒತ್ತುತ್ತಿದ್ದರು. ಅದು ಚಾಚಾನ ಗೋಡೆಯ ಪುಟ್ಟ ಪರದೆಯಲ್ಲಿ ಮೂಡುತ್ತಿತ್ತು.

ಸೋಮಾರಿತನ ಇದ್ದದ್ದು ಈ ಎರಡನೆಯ ಪೆಟ್ಟಿಗೆಯಲ್ಲಿ. ರೇಡಿಯೋದಿಂದ ಬೈಟುಗಳು ಒಂದರ ಹಿಂದೊಂದು ಸಾಲಾಗಿ ಬರುತ್ತವೆ. ಪ್ರತಿ ಬೈಟಿಗೂ ಪ್ರೊಸೆಸರನ್ನು ತಟ್ಟಿ ಎಬ್ಬಿಸಿದರೆ ಬ್ಯಾಟರಿ ಉಳಿಯದು. ನಮ್ಮ ‘ನ’ ಒಂದಕ್ಕೇ ಮೂರು ಬೈಟು, ಒತ್ತಕ್ಷರದ ಮಾತೇ ಬೇಡ. ಅದಕ್ಕೆಂದೇ ಡಿಎಂಎ ಎಂಬ ಏರ್ಪಾಡಿದೆ. ಚಿಪ್ಪಿನೊಳಗಿನ ಹಮಾಲನೆನ್ನಿ. ಬಂದ ಬೈಟನ್ನು ಯಾರನ್ನೂ ಕೇಳದೆ ನೇರ ನೆನಪಿನ ಕೋಣೆಗಳಲ್ಲಿ ಇಡುತ್ತಾ ಹೋಗುತ್ತಾನೆ. ಕೊನೆಯ ಕೋಣೆ ಮುಗಿದರೆ ಮತ್ತೆ ಮೊದಲನೆಯದಕ್ಕೆ. ತಂತಿ ಸುಮ್ಮನಾದಾಗಷ್ಟೇ ಪ್ರೊಸೆಸರು ಎದ್ದು, ಹಿಂದೆ ಓದಿ ಬಿಟ್ಟಲ್ಲಿಂದ ಹಮಾಲ ನಿಂತಲ್ಲಿವರೆಗೆ ಓದಿ, ಮತ್ತೆ ಮಲಗುತ್ತದೆ. ಓದಿದ್ದನ್ನು ಅಳಿಸುವ ಉಸಾಬರಿಯಿಲ್ಲ. ಹೊಸದು ಬಂದು ಮುಚ್ಚುವವರೆಗೆ ಹಳೆಯದು ಅಲ್ಲೇ ಕೂತಿರುತ್ತದೆ.

ಆ ಮಳೆಗಾಲದಲ್ಲಿ ದೇವಿದಾಸರು ಜ್ವರ ಬಂದು ತೀರಿಕೊಂಡರು. ಒತ್ತುವವರಿಲ್ಲದೆ ಪರದೆ ಖಾಲಿಯಾಯಿತು. ಕೆಲವು ವಾರಗಳ ಮೇಲೆ ಒಂದು ಮಧ್ಯಾಹ್ನ, ಪಾಚಿಗಟ್ಟಿದ ಸೋಲಾರ್ ಹಲಗೆ ಒರೆಸಲು ನಾನು ಚಾಚಾನ ಅಂಗಡಿಗೆ ಹೋಗಿದ್ದೆ. ಜೋಯಿಡಾ ಬಸ್ಸಿನಿಂದ ದೇವಿದಾಸರ ಹೆಂಡತಿ ಸುಮಿತ್ರಾಬಾಯಿ ಇಳಿದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಅದರೊಳಗೆ ಅಂದಷ್ಟೇ ಸಿಕ್ಕ ಗಂಡನ ಮರಣದ ದಾಖಲೆ. ಮಳೆ ಜೋರಿತ್ತು. ದೂರದಲ್ಲೆಲ್ಲೋ ಗುಡುಗಿತು. ಪರದೆ ತಾನಾಗಿ ಬೆಳಗಿತು:

‘ನೀರು ಇಳದೈತಿ. ಬರ್ರಿ.’

ಚಾಚಾ ಸುರಿಯುತ್ತಿದ್ದ ಚಹಾ ಕಪ್ಪು ತುಂಬಿ ಹೊರಗೆ ಹರಿಯಿತು. “ಯಾ ಅಲ್ಲಾ! ಯಾರು ಒತ್ತಾಕತ್ತಾರ ಅಲ್ಲೆ?”

“ಯಾರೂ ಇಲ್ರೀ. ಬೀಗ ಹಾಕಿ ಬಂದೀನಿ,” ಎಂದು ಸುಮಿತ್ರಾಬಾಯಿ ಸೆರಗಿಗೆ ಕಟ್ಟಿದ್ದ ಕೀಲಿಕೈ ಮುಟ್ಟಿ ನೋಡಿಕೊಂಡರು. ಪರದೆ ಆರಿ, ಮತ್ತೆ ಅದೇ ಸಾಲು ಬಂತು. ಅವರು ಮೆಲ್ಲಗೆ, “ಕೊನಿಗೆ ಬರ್ರಿ ಅಂತ ಅವರಷ್ಟss ಹಾಕ್ತಿದ್ರು,” ಎಂದರು.

ನಾಚಿಕೆಯಿಂದ ಹೇಳುತ್ತೇನೆ, ನಾನು ನೋಡಿದ್ದು ಪೆಟ್ಟಿಗೆಯ ತಂತಿಗಳನ್ನು, ಆ ಹೆಂಗಸಿನ ಮುಖವನ್ನಲ್ಲ. ತಲೆಯೆತ್ತಿದಾಗ ಅವರು ಅಲ್ಲಿರಲಿಲ್ಲ.

ಓಡಿದೆ. ಹಳ್ಳ ಕೆಂಪಗೆ ಉಕ್ಕಿ ಹರಿಯುತ್ತಿತ್ತು. ಸುಮಿತ್ರಾಬಾಯಿ ಚೀಲವನ್ನು ತಲೆಯ ಮೇಲೆ ಎತ್ತಿ ಹಿಡಿದು ತೊಡೆಮಟ್ಟದ ನೀರಿನಲ್ಲಿದ್ದರು.

“ನಿಲ್ರೀ! ನೀರು ಏರೇತಿ!”

“ಇಳದೈತಿ ಅಂದಾರಲ್ರೀ,” ಎಂದರು, ಹಿಂದಿರುಗಿ ನೋಡದೆ. ದನಿ ಎಷ್ಟು ಸಹಜವಾಗಿತ್ತೆಂದರೆ ಒಂದು ಕ್ಷಣ ನನಗೇ ಆಚೆ ದಡದಲ್ಲಿ ಯಾರೋ ನಿಂತಂತೆನಿಸಿತು. ಹಿಂದೆಯೇ ಬಂದ ಚಾಚಾ ನನ್ನ ಸೊಂಟ ಹಿಡಿದರು, ನಾನು ನೀರಿಗಿಳಿದು ಸುಮಿತ್ರಾಬಾಯಿಯ ರಟ್ಟೆ ಹಿಡಿದೆ. ಮೂವರೂ ಕೆಸರಿನಲ್ಲಿ ಬಿದ್ದು ಈಚೆ ಬಂದೆವು.

ಅಂಗಡಿಯ ಬೆಂಚಿನ ಮೇಲೆ ಲ್ಯಾಪ್‌ಟಾಪು ಬಿಚ್ಚಿ ನೋಡಿದರೆ ದೆವ್ವ ನಾನೇ ಬರೆದ ಒಂದು ಸಾಲಿನಲ್ಲಿತ್ತು. ಓದಿ ಬಿಟ್ಟ ಜಾಗ, ಹಮಾಲ ನಿಂತ ಜಾಗ ಎರಡೂ ಒಂದೇ ಆಗಿದ್ದರೆ ಏನರ್ಥ? ಏನೂ ಬಂದಿಲ್ಲ; ಇಲ್ಲವೇ ಒಂದು ಸುತ್ತು ಪೂರ್ತಿ ಬಂದಿದೆ. ಖಾಲಿ ಮತ್ತು ಭರ್ತಿ ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ನಾನು ಭರ್ತಿ ಎಂದು ಬರೆದಿದ್ದೆ. ಸಿಡಿಲು ತಂತಿಯಲ್ಲಿ ಎಬ್ಬಿಸಿದ ಸುಳ್ಳು ಮಿಡಿತಕ್ಕೆ ಬೆಚ್ಚಿ ಎದ್ದ ಪ್ರೊಸೆಸರು ಹಳೆಯದನ್ನೆಲ್ಲ ಹೊಸದೆಂದು ಓದಿ, ಕೊನೆಯ ಸಾಲನ್ನು ತೋರಿಸಿತ್ತು. ಹಿಂದೆಯೂ ಹೀಗಾಗಿರಬೇಕು; ಆಗ ದೇವಿದಾಸರೇ ಎರಡು ಸಲ ಒತ್ತಿದರೆಂದುಕೊಂಡಿದ್ದೆವು.

“ಅವರು ಕರೀಲಿಲ್ಲ ಬಾಯಿ. ತಪ್ಪು ನಂದು,” ಎಂದೆ.

“ಆದ್ರ ಅಕ್ಷರ ಅವರು ಒತ್ತಿದ್ದss ಹೌದಲ್ರೀ?”

“ಹೌದು.”

“ಹಂಗಾದ್ರ ನಿಮ್ಮದು ಅರ್ಧ ತಪ್ಪು.”

ತಿದ್ದಬೇಕಾದರೆ ಪೆಟ್ಟಿಗೆ ಆರಿಸಬೇಕು, ಆರಿಸಿದರೆ ಆ ಕೋಣೆಗಳಲ್ಲಿದ್ದದ್ದೆಲ್ಲ ಹೋಗುತ್ತದೆ. ಇದನ್ನೂ ಹೇಳಿದೆ. ಇದ್ದದ್ದನ್ನು ತೋರಿಸಲು ಕೇಳಿದರು. ಎಂಟ್ಹತ್ತು ಸಾಲು, ಮೊದಲನೆಯ ಅಕ್ಷರ ಅರ್ಧ ಅಳಿದು ಬರೀ ಚೌಕವಾಗಿತ್ತು. ನೀರು ಏರಿದ್ದು, ಇಳಿದದ್ದು, ಅಷ್ಟೇ. ಬೆರಳಿಟ್ಟು ಎಲ್ಲವನ್ನೂ ಓದಿದರು. ನನ್ನ ಕೈ ಸ್ವಿಚ್ಚಿನ ಹತ್ತಿರ ಹೋಗಿ ನಿಂತಿತು. ಅವರೇ ಒತ್ತಿದರು.

ನೀರಿಳಿಯುವವರೆಗೆ ಅವರು ಚಾಚಾನ ಮನೆಯಲ್ಲಿದ್ದರು. ಗುಡುಗಿದರೆ ಚಾಚಾ ಈಗಲೂ ಪರದೆಗೆ ಬೆನ್ನು ಹಾಕಿ ನಿಲ್ಲುತ್ತಾರಂತೆ, ನಾನು ನಗುವುದಿಲ್ಲ. ಯಾರನ್ನೂ ಎಬ್ಬಿಸದೆ ಅಕ್ಷರ ತರುವುದು ಹೇಗೆಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವನಿಗೆ, ಅಕ್ಷರದ ಜೊತೆ ಇನ್ನೇನು ಬರಬೇಕೆಂದು ಹೊಳೆದಿರಲಿಲ್ಲ. ಕೇರಿಗೆ ಮರಳಿದ ಮೇಲೆ ಸುಮಿತ್ರಾಬಾಯಿ, ಯಾರೂ ಹೇಳಿಕೊಡದೆ, ಒತ್ತಿದ ಮೊದಲ ಸಾಲು ಇದು: ‘ಇವತ್ತು ಗುರುವಾರ. ನಾನು ಸುಮಿತ್ರಾ. ನೀರು ಮೊಣಕಾಲಿಗೈತಿ. ನೀವೂ ಒಮ್ಮೆ ನೋಡಿ ದಾಟ್ರಿ.’