ಕಾಲು ನೋಡಿ ಬಾರಿಸುವವ ಕಾಶಿಗೆ ಹೋದದ್ದು

ಕಾಶಿಯಲ್ಲಿ ಇಳಿದ ಮೊದಲ ಬೆಳಿಗ್ಗೆಯೇ ಒಂದು ಹೆಣದ ಮುಂದೆ ಮದ್ದಳೆ ಬಾರಿಸಲು ನನ್ನನ್ನು ಕರೆದರು.

ಸ್ಟೇಷನ್ನಿನಿಂದ ನಡೆದು ಒಂದು ಗಲ್ಲಿ ಹೊಕ್ಕಿದ್ದೆ. ಗಲ್ಲಿ ಎಂದರೆ ನಮ್ಮ ಶಿರಸಿಯ ಓಣಿಯಂತಲ್ಲ. ಇಬ್ಬರು ಎದುರುಬದುರಾದರೆ ಒಬ್ಬ ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು. ಜೊತೆಗೊಂದು ಗೂಳಿಯೂ ಬಂತೋ, ಇಬ್ಬರೂ ಯಾರದೋ ಮನೆಯ ಮೆಟ್ಟಿಲು ಹತ್ತಬೇಕು. ಹಾಗೆ ನಾನು ಮೆಟ್ಟಿಲು ಹತ್ತಿ ನಿಂತಿದ್ದಾಗ ಎದುರಿನಿಂದ ಬಿದಿರಿನ ಚಟ್ಟ ಬಂತು. ಮೇಲೆ ಜರಿಯ ಬಟ್ಟೆ, ಚೆಂಡುಹೂವಿನ ರಾಶಿ. ಮುಂದೆ ನಗಾರಿ, ತಾಳ, ಕುಣಿಯುವ ಹುಡುಗರು. ನನ್ನ ಹೆಗಲಿನಲ್ಲಿ ತೂಗುತ್ತಿದ್ದ ಮದ್ದಳೆ ಕಂಡವನೇ ಒಬ್ಬ ಕೈ ಹಿಡಿದು ಎಳೆದ. "ಬಜಾವೋ ಭೈಯಾ, ಬಜಾವೋ!" ಹಿಂದಿ ಬಾರದಿದ್ದರೂ ಆ ಮಾತು ಅರ್ಥವಾಯಿತು. ಅಯ್ಯೋ ಶಿವನೇ ಎಂದು ಕೈ ಕೊಸರಿಕೊಂಡು ಓಡಿದೆ.

ನಮ್ಮಲ್ಲಿ ಸಾವಿನ ಮನೆಯ ಹತ್ತಿರ ಜೋರಾಗಿ ಕೆಮ್ಮಲೂ ಹಿಂದೆಮುಂದೆ ನೋಡುತ್ತೇವೆ. ಇಲ್ಲಿ ಮೊಮ್ಮಕ್ಕಳನ್ನು ಕಂಡು ತುಂಬು ವಯಸ್ಸಿನಲ್ಲಿ ಹೋದವರನ್ನು ವಾದ್ಯ ಬಾರಿಸಿ ಕಳಿಸಿಕೊಡುತ್ತಾರಂತೆ. ನನಗೆ ಕೋಣೆ ಬಾಡಿಗೆಗೆ ಕೊಟ್ಟ ಮುದುಕಿ ಇದನ್ನು ಅರ್ಧ ಕೈಸನ್ನೆಯಲ್ಲೇ ವಿವರಿಸಿ, ಕೊನೆಗೆ ನನ್ನ ಮದ್ದಳೆ ತಟ್ಟಿ ನೋಡಿ, "ನನ್ನ ಸರದಿ ಬಂದಾಗ ನೀನೇ ಬಾರಿಸು" ಎಂದು ನಕ್ಕಳು. ಎಂಥ ಊರಪ್ಪಾ ಇದು, ಎಂದುಕೊಂಡೆ. ಹೆದರಿಕೆಗಿಂತ ಕುತೂಹಲವೇ ಹೆಚ್ಚಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಇಪ್ಪತ್ತರ ಹರೆಯದಲ್ಲಿ ಕಾಶಿಗೆ ಹೊರಟವನನ್ನು ಊರಿನಲ್ಲಿ ಯಾರೂ ಸುಮ್ಮನೆ ಬಿಟ್ಟಿರಲಿಲ್ಲ. "ಎಂತದಾ ತಮಾ, ಈಗ್ಲೇ ಕಾಶಿಯಾ? ಹಲ್ಲೆಲ್ಲ ಗಟ್ಟಿ ಇದ್ದಲಾ ಇನ್ನೂ!" ಎಂದು ಪಕ್ಕದ ಮನೆಯ ಅಜ್ಜಿ ಕೇಳಿದ್ದಳು. ಮದುವೆಯಲ್ಲಿ ಮದುಮಗ ಕೊಡೆ ಹಿಡಿದು ಕಾಶಿಗೆ ಹೊರಟಾಗ ಹೆಣ್ಣಿನ ಅಪ್ಪ ಬಂದು ತಡೆದು ಮಗಳನ್ನು ಕೊಡುತ್ತಾನೆ. ನಾನು ಸಿದ್ದಾಪುರದಲ್ಲಿ ಬಸ್ಸು ಹತ್ತಿ, ಅದು ಹೊರಡುವವರೆಗೂ ಕಿಟಕಿಯಿಂದ ಇಣುಕಿದೆ. ತಡೆಯಲು ಯಾವ ಹೆಣ್ಣಿನಪ್ಪನೂ ಬರಲಿಲ್ಲ.

ಬಂದವನು ನನ್ನ ಸೋದರಮಾವ ತಿಮ್ಮಣ್ಣ ಒಬ್ಬನೇ. ಅಪ್ಪನನ್ನು ಕಳೆದುಕೊಂಡ ನನ್ನನ್ನು ಹೆಗ್ಗರಣೆಯಲ್ಲಿ ಸಾಕಿದವನು ಅವನೇ. ಯಕ್ಷಗಾನದ ವೇಷಧಾರಿ. ಮಳೆಗಾಲ ಮುಗಿದರೆ ಮೇಳದ ಜೊತೆ ಹೊರಟುಬಿಡುವವನು. ಅವನ ಕುಣಿತಕ್ಕಾಗಿಯೇ ನನಗೆ ಮದ್ದಳೆ ಕಲಿಸಿದ್ದ. ಮುಂದೊಂದು ದಿನ ತನ್ನ ವೇಷಕ್ಕೆ ಅಳಿಯನದೇ ಮದ್ದಳೆ ಎಂಬುದು ಅವನ ದೊಡ್ಡ ಆಸೆ.

ತಬಲಾದ ಹುಚ್ಚು ಹಚ್ಚಿಸಿದವರು ಮಾತ್ರ ಬೇರೆ. ನಾಟಕ ಕಂಪನಿ ಬಿಟ್ಟು ಬಂದು ಶಿರಸಿಯ ಬಟ್ಟೆ ಅಂಗಡಿಯೊಂದರ ಮಾಳಿಗೆಯಲ್ಲಿ ಪಾಠ ಹೇಳುತ್ತಿದ್ದ ಹಾವೇರಿ ಕಡೆಯ ಮಾಸ್ತರರು. ಅವರೇ ಒಂದು ದಿನ, "ತಮ್ಮಾ, ನನ್ನ ಕಡೆ ಇದ್ದದ್ದೆಲ್ಲಾ ನಿನಗ ಕೊಟ್ಟಾತು. ಇನ್ನ ಕಾಶಿಗೆ ಹೋಗು. ರೊಕ್ಕದ ಚಿಂತಿ ಬ್ಯಾಡ, ದಿಲ್ಲಿ ಸರಕಾರದವ್ರು ಹುಡುಗ್ರಿಗೆ ಸ್ಕಾಲರ್‌ಶಿಪ್ ಕೊಡಾಕ್ಹತ್ಯಾರ," ಎಂದರು. ನಮ್ಮ ಜಿಲ್ಲೆ ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷವಷ್ಟೇ ಆಗಿತ್ತು. ಎಲ್ಲಿ ವಿಚಾರಿಸಿದರೂ ಆ ಕಡೆಯವರು ಈ ಕಡೆ ಕೈ ತೋರಿಸುವರು, ಈ ಕಡೆಯವರು ಆ ಕಡೆ. ಮಾಸ್ತರರು ಛಲ ಬಿಡಲಿಲ್ಲ. ಕೊನೆಗೆ ಬೆಂಗಳೂರಿನಲ್ಲಿ ಪರೀಕ್ಷೆಗೆ ಕರೆದರು. ಹಾಡುವವರೊಬ್ಬರಿಗೆ ಸಾಥ್ ಕೊಡಲು ಹೇಳಿದರು. ಅವರು ಎಲ್ಲಿ ಹೋದರೆ ಅಲ್ಲಿಗೆ ಹೋದೆ, ನಿಂತಲ್ಲಿ ನಿಂತೆ. ಪಾಸಾಯಿತು. ಕಾಶಿಯ ಸಂಗೀತ ವಿದ್ಯಾಲಯದಲ್ಲಿ ಎರಡು ವರ್ಷದ ಕಲಿಕೆ, ಊಟ, ಕೋಣೆ, ಎಲ್ಲದಕ್ಕೂ ಆ ಸ್ಕಾಲರ್‌ಶಿಪ್ಪೇ ಆಧಾರ. ಆದರೆ ಒಂದು ಷರತ್ತಿತ್ತು. ಮೊದಲ ವರ್ಷದ ಕೊನೆಗೆ ಹಿರಿಯರ ಮುಂದೆ ಒಬ್ಬನೇ ಕೂತು ತಬಲಾ ಬಾರಿಸಬೇಕು. ಅವರು ಒಪ್ಪಿದರೆ ಎರಡನೆಯ ವರ್ಷ. ಒಪ್ಪದಿದ್ದರೆ ಗಂಟುಮೂಟೆ ಕಟ್ಟಬೇಕು.

"ಕಳಿಸಿದ್ರೆ ಬಂದ್ಬಿಡು," ಎಂದಿದ್ದ ಮಾವ ಬಸ್ಸಿನ ಕಿಟಕಿ ಹಿಡಿದು. "ಮೇಳದಲ್ಲಿ ನಿಂಗೆ ಜಾಗ ಇದ್ದು. ನಾಚ್ಕೆ ಎಂತದೂ ಇಲ್ಲೆ." ಅವನು ನಾನು ಗೆಲ್ಲಲಿ ಎಂದು ಹರಸಿದನೋ, ಸೋತು ಬರಲಿ ಎಂದು ಹರಸಿದನೋ, ಹುಬ್ಬಳ್ಳಿ ದಾಟುವವರೆಗೂ ಯೋಚಿಸಿದೆ.

ಇಲ್ಲಿಯ ಊಟದ ಸುದ್ದಿ ಹೇಳದಿದ್ದರೆ ನಿಮಗೆ ಸಮಾಧಾನವಾಗಲಿಕ್ಕಿಲ್ಲ. ಬೆಳಿಗ್ಗೆ ಕಚೌರಿ, ಅಂದರೆ ಬೇಳೆಯ ಹೂರಣ ತುಂಬಿ ಕರಿದ ಪೂರಿ. ಅದರ ಬೆನ್ನಿಗೇ ಜಿಲೇಬಿ. ಖಾರದ ಮೇಲೆ ಸಿಹಿ, ಅದೂ ಹಲ್ಲುಜ್ಜಿದ ಕೂಡಲೇ! ಅಡುಗೆಗೆಲ್ಲ ಸಾಸಿವೆ ಎಣ್ಣೆ. ಮೊದಲ ವಾರ ಅದರ ಘಾಟಿಗೆ ಮೂಗು ಮುಚ್ಚಿಕೊಂಡು ಉಂಡೆ. ತೆಂಗಿನಕಾಯಿ ದೇವರಿಗೆ ಮಾತ್ರ, ಮನುಷ್ಯರಿಗಿಲ್ಲ. ಮೊಸರಿಗೆ ಸಕ್ಕರೆ ಹಾಕಿ ಕೊಡುತ್ತಾರೆ. ಉಪ್ಪು ಕೇಳಿದರೆ ಪಾಪ, ಹುಡುಗನಿಗೆ ಹುಷಾರಿಲ್ಲ ಎಂಬಂತೆ ನೋಡುತ್ತಾರೆ. ಒಂದು ದಿನ ಹೊಳೆದಂಡೆಯ ಹಸಿಯಲ್ಲಿ ಒಂದೆಲಗ ಕಣ್ಣಿಗೆ ಬಿತ್ತು. ಗಂಗೆಯ ದಡದಲ್ಲಿ ಜನ ಪುಣ್ಯ ಹುಡುಕುತ್ತಿದ್ದರೆ ನಾನು ಸೊಪ್ಪು ಕೊಯ್ಯುತ್ತಿದ್ದೆ. ಅರೆದು, ಮಜ್ಜಿಗೆ ಬೆರೆಸಿ, ತಂಬುಳಿ ಮಾಡಿ ಮುದುಕಿಗೂ ಕೊಟ್ಟೆ. ಕುಡಿದು, ಬಾಯಿ ಚಪ್ಪರಿಸಿ, ಇದು ಊಟವೋ ಔಷಧವೋ ಎಂದು ಕೇಳಿದಳು. ಎರಡೂ ಹೌದು ಎಂದೆ. ಆ ಉತ್ತರವನ್ನು ನಾನು ತಡವರಿಸದೆ ಹಿಂದಿಯಲ್ಲಿ ಹೇಳಿದ್ದೆ! ಅವತ್ತಿಡೀ ನನ್ನ ಕಾಲು ನೆಲದ ಮೇಲಿರಲಿಲ್ಲ.

ಮಂಗಗಳೂ ಇಲ್ಲಿ ಬೇರೆ ಜಾತಿಯವು. ನಮ್ಮಲ್ಲಿ ಮಂಗ ಕಂಡರೆ ಕವಣೆ ತೆಗೆಯುತ್ತೇವೆ. ಇಲ್ಲಿ ಅವು ನನ್ನ ಪಂಚೆ ಕದ್ದು ಮಾಡಿನ ಮೇಲೆ ಕೂತರೆ, ಗಲ್ಲಿಯವರು ಹನುಮಾನ್‌ಜೀ ಎಂದು ಕೈ ಮುಗಿದು, ನೀನೇನು ತಪ್ಪು ಮಾಡಿದೆ ಎಂದು ನನ್ನನ್ನೇ ಕೇಳುತ್ತಾರೆ.

ಈಗ ಗುರುಗಳ ವಿಷಯ. ಪಂಡಿತ್‌ಜೀ ಎನ್ನುತ್ತೇವೆ. ದಿನವಿಡೀ ಬಾಯಲ್ಲಿ ಪಾನು, ಅಂದರೆ ನಮ್ಮ ಕವಳವೇ. ಬಾಯಿ ತುಂಬಿದಾಗ ಪಾಠವೆಲ್ಲ ಕೈಸನ್ನೆಯಲ್ಲಿ. ನಾನು ಅಡಿಕೆ ಸೀಮೆಯವನು ಎಂದು ತಿಳಿದ ದಿನ ಮಾತ್ರ ಎದ್ದು ಹೋಗಿ ಉಗುಳಿ ಬಂದು, ನಿಮ್ಮವರು ಕವಳಕ್ಕೆ ಏನೇನು ಹಾಕುತ್ತಾರೆ ಎಂದು ವಿಚಾರಿಸಿದರು. ತಬಲಾದ ಬಗ್ಗೆಯೂ ಅವರು ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಮೊದಲ ತಿಂಗಳಿನಲ್ಲೇ ನನ್ನ ಮಾನ ಹೋಯಿತು. ತಬಲಾ ಒಂದನ್ನೇ ಬಾರಿಸುವಾಗ ಪಕ್ಕದಲ್ಲಿ ಹಾರ್ಮೋನಿಯಂನವರು ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸುತ್ತಾರೆ. ಅದಕ್ಕೆ ಲೆಹರಾ ಎಂದು ಹೆಸರು. ಆ ಸಾಲು ಅಲುಗಬಾರದು. ಅದರ ಮೇಲೆ ತಬಲಾದವನು ಏನೆಲ್ಲ ಆಟ ಆಡಿ, ಸರಿಯಾಗಿ ತಾಳದ ಮೊದಲ ಪೆಟ್ಟಿಗೆ, ಅಂದರೆ ಸಮ್‌ಗೆ, ಬಂದು ಸೇರಬೇಕು. ನಮ್ಮ ವಿದ್ಯಾಲಯದಲ್ಲಿ ಲೆಹರಾ ನುಡಿಸುವವರು ರಾಮಚರಣ್ ಎಂಬ ಸಾಧು ಮನುಷ್ಯ. ಅವತ್ತು ಅವರ ಕಾಲಿನ ಹೆಬ್ಬೆರಳ ಮೇಲೆ ನೊಣ ಕೂತಿತು. ಅವರು ಕಾಲು ಒದರಿದರು. ನನ್ನ ಕೈ ಅಲ್ಲೇ, ತಾಳದ ನಟ್ಟನಡುವೆ, ಧಡಧಡನೆ ಮುಕ್ತಾಯ ಬಾರಿಸಿ ನಿಲ್ಲಿಸಿಬಿಟ್ಟಿತು!

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಪಂಡಿತ್‌ಜೀ ನಗಲಿಲ್ಲ. "ಕಿಸ್ಕೋ ದೇಖ್ ರಹೇ ಹೋ?" ಎಂದರು. ಯಾರನ್ನು ನೋಡುತ್ತಿದ್ದೀಯೆ?

ಏನು ಹೇಳಲಿ? ಯಕ್ಷಗಾನ ನೋಡಿದ ನಿಮಗೆ ಗೊತ್ತು, ಮದ್ದಳೆಯವನ ಕಣ್ಣು ಎಲ್ಲಿರುತ್ತದೆ ಎಂದು. ವೇಷದವನು ಕೊನೆಯ ಹೆಜ್ಜೆಗೆ ಕಾಲೆತ್ತಿದಾಗ, ಆ ಕಾಲು ನೆಲಕ್ಕೆ ಬೀಳುವುದೂ ಮದ್ದಳೆಯ ಪೆಟ್ಟು ಬೀಳುವುದೂ ಒಂದೇ ಆಗಬೇಕು. ಮಾವ ನನಗೆ ಕಲಿಸಿದ್ದೇ ಹಾಗೆ. "ಮೋರೆ ನೋಡಡ, ಕಾಲು ನೋಡು. ಮೋರೆ ಸುಳ್ಳು ಹೇಳ್ತು, ಕಾಲು ಹೇಳ್ತಿಲ್ಲೆ." ಎಂಟು ವರ್ಷದವನಿದ್ದಾಗಿನಿಂದ ನನ್ನ ಕೈ ಯಾರದಾದರೂ ಕಾಲಿಗಾಗಿಯೇ ಕಾದು ಕೂತಿದೆ. ಕುಣಿಯುವವರು ಇಲ್ಲದ ಕಡೆ ಅದು ಸಿಕ್ಕಿದ ಕಾಲನ್ನು ಹಿಡಿದುಕೊಂಡಿತು.

ಇದನ್ನು ನನ್ನ ಹರಕು ಹಿಂದಿಯಲ್ಲಿ ಹೇಳಿದೆ, ಎದ್ದು ನಾಲ್ಕು ಹೆಜ್ಜೆ ಕುಣಿದೂ ತೋರಿಸಿದೆ. ಪಂಡಿತ್‌ಜೀ ಬಹಳ ಆಸಕ್ತಿಯಿಂದ ನೋಡಿದರು, ಇನ್ನೊಮ್ಮೆ ಕುಣಿ ಎಂದರು. ಆಮೇಲೆ ನನ್ನನ್ನು ಗೋಡೆಯತ್ತ ಮುಖ ಮಾಡಿ ಕೂರಿಸಿದರು.

ಗೋಡೆ! ತಿಂಗಳುಗಟ್ಟಲೆ ಎದುರಿಗೆ ಸುಣ್ಣ ಬಳಿದ ಒಂದು ಗೋಡೆ! ಸಿಟ್ಟು ನೆತ್ತಿಗೇರಿತು. ಯಾರಿಗಾಗಿ ಬಾರಿಸಬೇಕು ಇಲ್ಲಿ? ಕೋಣೆಗೆ ಬಂದು ಮುಸುಕೆಳೆದು ಮಲಗಿ, ಊರು ಬೇಕು, ಮಾವ ಬೇಕು ಎಂದು ಅತ್ತದ್ದೂ ಉಂಟು. ಮನೆಗೆ ಹೋಗಿಬಿಡಲೇ ಎಂದು ಒಂದು ಮನಸ್ಸು. ಜಾಗ ಇದೆ ಎಂದು ಮಾವನೇ ಹೇಳಿದ್ದನಲ್ಲ. ಇನ್ನೊಂದು ಮನಸ್ಸು ಮಾತ್ರ, ನಿಲ್ಲು ಮಾರಾಯ, ಕುಣಿಯುವವರೇ ಇಲ್ಲದಾಗ ಈ ಚರ್ಮದೊಳಗೆ ಏನಿರುತ್ತದೆ ನೋಡಿಯೇ ಬಿಡೋಣ ಎನ್ನುತ್ತಿತ್ತು. ನಾನು ಉಳಿದದ್ದು ಆ ಎರಡನೆಯ ಮನಸ್ಸಿನ ಮಾತು ಕೇಳಿ.

ಇಂಥದೇ ದಿನ ಅಂತ ಹೇಳಲಾರೆ, ಕೈ ನಿಧಾನಕ್ಕೆ ಬದಲಾಯಿತು. ಚಳಿಗಾಲ ಬಂತು. ಕಾಶಿಯ ಚಳಿ ಎಂದರೆ ನಮ್ಮ ಯಲ್ಲಾಪುರದ ಮಂಜಲ್ಲ. ಎಲುಬಿನೊಳಗೆ ಹೊಕ್ಕು ಕೂರುತ್ತದೆ. ಬೆರಳು ಮರಗಟ್ಟಿ, ಕಣ್ಣು ಮುಚ್ಚಿ ಬಾರಿಸುತ್ತಿದ್ದೆ. ಸಮ್ ಎಲ್ಲಿದೆ ಎಂದು ಹುಡುಕುವುದನ್ನು ಯಾವಾಗಲೋ ಬಿಟ್ಟಿದ್ದೆ. ಅದು ಬರುತ್ತದೆ, ಬಂದೇ ಬರುತ್ತದೆ ಎಂಬುದು ಮೈಗೇ ತಿಳಿದಿತ್ತು. ಲೆಹರಾದ ಮೇಲೆ ನಾನು ಎಷ್ಟು ದೂರ ಅಲೆದರೂ ನನಗೆ ದಾರಿ ತಪ್ಪುತ್ತಿರಲಿಲ್ಲ. ಆ ಖುಷಿಯನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಹಿಂದಿ ಸಾಲಲಿಲ್ಲ. ಮುದುಕಿಗೆ ಎರಡು ಜಿಲೇಬಿ ತಂದುಕೊಟ್ಟೆ.

ಪರೀಕ್ಷೆಯ ದಿನ ಮೂವರು ಹಿರಿಯರು ಕುರ್ಚಿಯ ಮೇಲೆ ಕೂತಿದ್ದರು. ರಾಮಚರಣ್ ಪಾಪ, ನೊಣದ ಕಥೆ ಮರೆಯದೆ ಕಾಲೆರಡನ್ನೂ ಧೋತರದೊಳಗೆ ಸುತ್ತಿಕೊಂಡಿದ್ದರು. ಶುರು ಮಾಡಿದೆ. ಚೆನ್ನಾಗಿಯೇ ಹೋಗುತ್ತಿತ್ತು. ಅಷ್ಟರಲ್ಲಿ ಹಿರಿಯರಲ್ಲೊಬ್ಬರು ಖುಷಿಗೆ ಬೂಟುಗಾಲು ಕುಣಿಸತೊಡಗಿದರು. ನನ್ನ ಕಣ್ಣಿನ ನೇರಕ್ಕೇ! ಆ ಬೂಟು ತಾಳಕ್ಕಿಂತ ತುಸು ಮುಂದೆ ಓಡುತ್ತಿತ್ತು. ನನ್ನ ಬೆರಳುಗಳೆಲ್ಲ ಅದರ ಹಿಂದೆ ಹೊರಟೇಬಿಟ್ಟವು. ಎಲ್ಲ ಮುಗಿಯಿತು, ಊರಿನ ರೈಲು ಹತ್ತಿದೆ ಎಂದೇ ತಿಳಿದೆ. ಹಲ್ಲು ಕಚ್ಚಿ ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಆ ಸುಣ್ಣದ ಗೋಡೆಯ ಮುಂದೆ ಹೋಗಿ ಕೂತೆ. ಕೈ ವಾಪಸ್ಸು ಬಂತು. ಕೊನೆಯ ತಿಹಾಯಿ, ಅಂದರೆ ಒಂದೇ ನುಡಿಯನ್ನು ಮೂರು ಸಲ ಹೇಳಿ ಮುಗಿಸುವುದು, ಸಮ್ ಮೇಲೆ ಬಿದ್ದಾಗ ರಾಮಚರಣ್ "ವಾಹ್" ಎಂದು ಕೂಗಿ, ಕೂಗಬಾರದಿತ್ತೇನೋ ಎಂದು ಬಾಯಿ ಮುಚ್ಚಿಕೊಂಡರು.

ಎರಡನೆಯ ವರ್ಷ ಸಿಕ್ಕಿತು. ಪಂಡಿತ್‌ಜೀ ತಮ್ಮ ಡಬ್ಬಿಯಿಂದಲೇ ಒಂದು ಪಾನು ತೆಗೆದು ನನ್ನ ಬಾಯಿಗಿಟ್ಟರು. ತಂಬಾಕಿತ್ತೆಂದು ಕಾಣುತ್ತದೆ, ಅಡಿಕೆ ಸೀಮೆಯ ಹುಡುಗ ತಲೆ ತಿರುಗಿ ಕಂಬ ಹಿಡಿದುಕೊಂಡ.

ರಜೆಗೆ ಊರಿಗೆ ಬಂದೆ. ಗೆದ್ದು ಬಂದಿದ್ದೆನಲ್ಲ, ಮಾವ ಹೆಗ್ಗರಣೆಯ ಮನೆಮನೆಗೂ ಕರೆದುಕೊಂಡು ಹೋಗಿ, "ನಮ್ಮ ಮಾಣಿಗೆ ದಿಲ್ಲಿಯವ್ರೇ ದುಡ್ಡು ಕೊಟ್ಟು ಕಲಿಸ್ತ," ಎಂದು ಹೇಳಿದ್ದೇ ಹೇಳಿದ್ದು. ಮರುದಿನ ಮಧ್ಯಾಹ್ನ ಶಾಲೆಯ ಜಗುಲಿಯಲ್ಲಿ ಮೇಳದವರ ಅಭ್ಯಾಸ. ಮದ್ದಳೆ ನನ್ನ ಮುಂದಿಟ್ಟರು. ಭಾಗವತರು ಪದ ಎತ್ತಿದರು, ಮಾವ ಕುಣಿದ. ನಾನು ಬಾರಿಸಿದೆ. ಎಂಥ ನುಡಿಗಾರಿಕೆ ಬಾರಿಸಿದೆ ಅಂತೀರಿ! ಸುತ್ತ ಕೂತವರು ಬಾಯಿ ತೆರೆದು ಕೇಳುತ್ತಿದ್ದರು. ಆಗ ಮಾವ ಒಂದು ಕಾಲು ಎತ್ತಿದವನು ಹಾಗೆಯೇ ನಿಂತುಬಿಟ್ಟ.

"ನೀ ಚೊಲೊ ಬಾರಿಸ್ತೆ ತಮಾ, ಅದ್ರಲ್ಲಿ ಎರಡು ಮಾತಿಲ್ಲೆ," ಎಂದ. "ಆದ್ರೆ ಆನು ಕಾಲು ಎಲ್ಲಿ ಇಡವು?"

ಎಲ್ಲರೂ ನಕ್ಕರು, ಅವನೂ ನಕ್ಕ. ನನಗೆ ನಗು ಬರಲಿಲ್ಲ. ನಾನು ಅವನನ್ನು ನೋಡಿಯೇ ಇರಲಿಲ್ಲ. ಮತ್ತೆ ಶುರು ಮಾಡಿದೆ. ಕಣ್ಣನ್ನು ಅವನ ಪಾದಕ್ಕೇ ನೆಟ್ಟೆ. ಕಣ್ಣು ನೋಡಿತು, ಕೈ ಕೇಳಲಿಲ್ಲ. ಅದು ತನ್ನ ಪಾಡಿಗೆ ತನ್ನ ಸಮ್ ಹುಡುಕಿಕೊಂಡು ಹೋಯಿತು. ಎರಡು ಸಲ ತಪ್ಪಿತು, ಮೂರನೆಯ ಸಲವೂ ತಪ್ಪಿತು. ಭಾಗವತರು ಕೆಮ್ಮಿ ಕವಳದ ಎಲೆ ಮಡಚತೊಡಗಿದರು.

"ಅಡ್ಡಿಲ್ಲೆ, ಬಾರಿಸು," ಎಂದ ಮಾವ.

ಈ ಸಲ ಎಲ್ಲ ಸರಿಹೋಯಿತು. ಒಂದೊಂದು ಪೆಟ್ಟಿಗೂ ಒಂದೊಂದು ಹೆಜ್ಜೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಬಂತಪ್ಪ, ಕೈ ಊರಿಗೆ ಬಂತು ಎಂದು ಹಿಗ್ಗಿ ತಲೆ ಎತ್ತಿದೆ. ಮಾವ ನನ್ನ ಕೈ ನೋಡುತ್ತಿದ್ದ. ಎಂಥ ದೊಡ್ಡ ಭಾಗವತರಿಗೂ ಅರ್ಧ ಹೆಜ್ಜೆ ಬಿಟ್ಟುಕೊಡದ ಮನುಷ್ಯ, ನನ್ನ ಬೆರಳು ಎತ್ತ ಹೋಗುತ್ತದೆಂದು ಕಾದು, ಅದಕ್ಕೆ ತಕ್ಕಂತೆ ತನ್ನ ಕಾಲು ಇಡುತ್ತಿದ್ದ. ಪಂಕ್ತಿಯಲ್ಲಿ ನೆಂಟ ಉಂಡು ಮುಗಿಸುವವರೆಗೆ ಮನೆಯ ಯಜಮಾನ ನಿಧಾನವಾಗಿ ಉಣ್ಣುತ್ತಾನಲ್ಲ, ಹಾಗೆ. ಎದೆ ಬಿರಿದು ಹೋಯಿತು ನನಗೆ. ಆದರೂ ಬಾರಿಸುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ, ಎಂತಾತು ತಮಾ ಎಂದು ಮಾವ ಕೇಳುತ್ತಿದ್ದ.